ನಲ್ಲಿ ಗುರುತಿನ ಅಭ್ಯರ್ಥಿ

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಸಂಬಳದ ದಿನ ಬಿಟ್ಟರೆ ಬೇರೆ ಯಾವತ್ತೂ ಅದರ ಗೊಡವೆ ಯಾರಿಗೂ ಇರಲಿಲ್ಲ. ಊರಿಗೆಲ್ಲ ಅವನು ನೀರಣ್ಣ. ನೀರು ಬಿಡುವವನನ್ನು ಮತ್ತಿನ್ನೇನಂತ ಕರೆಯುತ್ತಾರೆ? ಅವನಿಗಿಂತ ವಯಸ್ಸಾದವರೂ ಅಣ್ಣ ಎನ್ನುತ್ತಿದ್ದರು, ಮೊನ್ನೆ ಮೊನ್ನೆ ಮಾತು ಕಲಿತ ಕೂಸುಗಳೂ ಅಣ್ಣ ಎನ್ನುತ್ತಿದ್ದವು. ನೀರು ತಡವಾದ ದಿನ ಮಾತ್ರ ಆ ಅಣ್ಣ ಉದುರಿಹೋಗಿ, ಇಲ್ಲಿ ಬರೆಯಲಾಗದ ಬೇರೆ ಕೆಲವು ಸಂಬಂಧಗಳು ಅಂಟಿಕೊಳ್ಳುತ್ತಿದ್ದವು.

ಅವನ ಹೆಗಲ ಮೇಲೆ ಸದಾ ಎದೆಯೆತ್ತರದ ಕಬ್ಬಿಣದ ಕೀಲಿಯೊಂದು ಇರುತ್ತಿತ್ತು. ಮೇಲೆ ಅಡ್ಡ ಹಿಡಿ, ಕೆಳಗೆ ವಾಲ್ವಿನ ತಲೆಗೆ ಕೂರುವ ಚೌಕದ ಬಾಯಿ. ಬೆಳಕು ಹರಿಯುವ ಮೊದಲೇ ಹೊರಟು, ಬೀದಿಬೀದಿಯಲ್ಲೂ ನೆಲದ ಗುಂಡಿಯ ಮುಚ್ಚಳ ಎತ್ತಿ, ಕೀಲಿ ಇಳಿಸಿ, ಮೈಭಾರವೆಲ್ಲ ಹಾಕಿ ತಿರುಗಿಸಬೇಕು. ಕೆಳಗಿನ ಬೀದಿಗಳ ವಾಲ್ವನ್ನು ಅರ್ಧ ಮುಚ್ಚದೆ ಹೋದರೆ ದಿಬ್ಬದ ಮೇಲಿನ ಬೀದಿಗೆ ನೀರು ಹತ್ತುವುದೇ ಇಲ್ಲ. ಹಾಗಾಗಿ ದಿನಾ ಒಂದಿಷ್ಟು ಹೊತ್ತು ಕೆಳಗಿನವರ ನೀರನ್ನು ಕದ್ದು ಮೇಲಿನವರಿಗೆ ಕೊಡುತ್ತಿದ್ದ. ಕೆಳಗಿನ ಬೀದಿಯವರು ಬೈದರೆ ಕಿವುಡ, ಮೇಲಿನ ಬೀದಿಯವರು ಹೊಗಳಿದರೆ ಮೂಗ. ಅವನ ರಾಜಕೀಯವೆಲ್ಲ ಅಷ್ಟೇ ಆಗಿತ್ತು.

ಮೇಲಿನ ಬೀದಿಯಲ್ಲಿ ಅವನ ಅಕ್ಕ ಇದ್ದಳು. ಇಸ್ತ್ರಿ ಮಾಡುವವಳು. ತಾಯಿ ಹೋದಮೇಲೆ ಇವನನ್ನು ಎತ್ತಿ ಆಡಿಸಿ, ಹೊಡೆದು, ಓದಿಸಲು ನೋಡಿ, ಆಗದೆ ಕೈಬಿಟ್ಟವಳು ಅವಳೇ. ಗಂಡ ಸತ್ತು ಬಹಳ ಕಾಲವಾಗಿತ್ತು. ಮನೆಯ ಮುಂದಿನ ತಗಡಿನ ಕೆಳಗೆ ಮೇಜು ಹಾಕಿಕೊಂಡು ಕಚೇರಿಯವರ, ಪೊಲೀಸರ, ವಕೀಲರ ಬಟ್ಟೆಗಳನ್ನೆಲ್ಲ ಗರಿಗರಿ ಮಾಡಿಕೊಡುತ್ತಿದ್ದಳು. ನೀರಣ್ಣ ಕದ್ದು ಹತ್ತಿಸುವ ನೀರು ಎಷ್ಟಕ್ಕೆ ಸಾಲುತ್ತದೆ? ಉಳಿದದ್ದಕ್ಕೆ ಟ್ಯಾಂಕರ್ ಬರಬೇಕು. ಟ್ಯಾಂಕರುಗಳು ಆ ಕ್ಷೇತ್ರದ ಶಾಸಕರವು. ಊರಲ್ಲಿ ಅವರನ್ನು ಟ್ಯಾಂಕರ್ ಧಣಿ ಎನ್ನುತ್ತಿದ್ದರು, ಎದುರಿಗಲ್ಲ. ಪ್ರತಿ ಚುನಾವಣೆಗೂ ಮೇಲಿನ ಬೀದಿಯ ಬಾಯಲ್ಲಿ ದಪ್ಪ ದಪ್ಪ ಪೈಪುಗಳು ಬಂದು ಇಳಿಯುತ್ತಿದ್ದವು, ಚುನಾವಣೆ ಮುಗಿದ ಮೇಲೆ ಬಂದ ಲಾರಿಯಲ್ಲೇ ವಾಪಸ್ ಹೋಗುತ್ತಿದ್ದವು. ಪೈಪು ಬಂದರೆ ಟ್ಯಾಂಕರು ಮಾರಬೇಕಾಗುತ್ತದೆ. ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಳ್ಳಲು ಧಣಿಗೇನು ತಲೆ ಕೆಟ್ಟಿತ್ತೇ?

ಒಂದು ದಿನ ಟ್ಯಾಂಕರಿನ ನೂಕುನುಗ್ಗಲಲ್ಲಿ ಅಕ್ಕ ಕೆಳಗೆ ಬಿದ್ದಳು. ಬಲಗೈಯ ಮಣಿಕಟ್ಟು ಮುರಿಯಿತು. ಮೂಳೆ ಕೂಡಿಕೊಂಡಿತು, ಆದರೆ ಸೊಟ್ಟಗೆ ಕೂಡಿಕೊಂಡಿತು. ಆಮೇಲಿಂದ ಅವಳು ಇಸ್ತ್ರಿಪೆಟ್ಟಿಗೆಯನ್ನು ಎಡಗೈಯಲ್ಲಿ ಹಿಡಿದು, ಆ ಸೊಟ್ಟ ಕೈಯಿಂದ ಬಟ್ಟೆಯನ್ನು ಒತ್ತಿಹಿಡಿಯುವುದು ಕಲಿತಳು. ಅಷ್ಟು ವಯಸ್ಸಿನಲ್ಲಿ ಕೈ ಬದಲಿಸುವುದೆಂದರೆ ಹುಡುಗಾಟವಲ್ಲ. ಮೊದಮೊದಲು ಬೆರಳೆಲ್ಲ ಸುಟ್ಟುಕೊಂಡಳು. ನೀರಣ್ಣ ಮುಂದೆ ಕೂತು ಅದನ್ನು ನೋಡುತ್ತಿದ್ದ. ಒಂದು ಸಂಜೆ ನೋಡಲಾಗದೆ ಎದ್ದು ನಿಂತ.

"ಈ ಸಲ ನಾನೇ ನಿಲ್ತೀನಿ ಅಕ್ಕ."

"ಎದ್ದು ನಿಂತೇ ಇದ್ದೀಯಲ್ಲ. ಆ ಪ್ಯಾಂಟ್ ಕೊಡಿಲ್ಲಿ."

"ಚುನಾವಣೆಗೆ."

ಅಕ್ಕ ಪ್ಯಾಂಟಿನ ಮಡಿಕೆ ಸರಿಮಾಡಿದಳು. ಆಮೇಲೆ ಕೇಳಿದಳು, "ನಮ್ಮಂಥೋರನ್ನ ನಿಲ್ಲೋಕೆ ಬಿಡ್ತಾರೇನೋ?"

ಬಿಡುತ್ತಾರೋ ಇಲ್ಲವೋ ಎಂದು ನೋಡಲು ನೀರಣ್ಣ ಕಚೇರಿಗಳ ಎದುರಿನ ಜೆರಾಕ್ಸ್ ಅಂಗಡಿಗೆ ಹೋದ. ಆ ಅಂಗಡಿಯವನು ಅವನ ಬಾಲ್ಯದ ಗೆಳೆಯ. ಊರಿನ ಕಾಗದಪತ್ರಗಳೆಲ್ಲ ಅವನ ಯಂತ್ರದ ಕೆಳಗೆ ನುಸುಳಿಯೇ ಮುಂದೆ ಹೋಗುತ್ತಿದ್ದುದರಿಂದ ತಾನು ಅರ್ಧ ವಕೀಲ ಎಂಬ ಗತ್ತು ಅವನಿಗಿತ್ತು. ಚುನಾವಣೆಯ ನಿಯಮಗಳ ಹಾಳೆಗಳನ್ನು ಹರಡಿಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿ, ನ್ಯಾಯಾಧೀಶನ ಗಂಟಲಲ್ಲಿ ಶುರುಮಾಡಿದ.

"ವಯಸ್ಸು ಇಪ್ಪತ್ತೈದು ತುಂಬಿರಬೇಕು."

"ನನ್ನ ಮೊಣಕಾಲು ಕೇಳು, ಅದು ಹೇಳುತ್ತೆ."

"ಈ ರಾಜ್ಯದ ಮತದಾರರ ಪಟ್ಟೀಲಿ ಹೆಸರಿರಬೇಕು. ಅದಿದೆ, ನಾನೇ ನೋಡಿದೀನಿ. ದಿವಾಳಿ ಆಗಿರಬಾರದು."

"ದಿವಾಳಿ ಆಗೋಕೂ ಮೊದಲು ಏನಾದ್ರೂ ಇರಬೇಕಲ್ಲ ಮಾರಾಯ."

"ಎರಡು ವರ್ಷ, ಅದಕ್ಕಿಂತ ಜಾಸ್ತಿ ಜೈಲುಶಿಕ್ಷೆ ಆಗಿರಬಾರದು. ಬುದ್ಧಿ ಸ್ವಾಧೀನದಲ್ಲಿರಬೇಕು." ಗೆಳೆಯ ಕನ್ನಡಕದ ಮೇಲಿಂದ ನೋಡಿದ. "ಧಣಿ ಎದುರು ನಿಲ್ತೀನಿ ಅಂತ ಬಂದಿದೀಯ. ಇದೊಂದರ ಬಗ್ಗೆ ನಂಗೆ ಅನುಮಾನ."

ಇಬ್ಬರೂ ನಕ್ಕರು. ಇಷ್ಟೇ ಇಷ್ಟಕ್ಕೆ ದೊಡ್ಡವರೆಲ್ಲ ಅಷ್ಟೊಂದು ಮೆರೆಯುವುದೇ ಎನಿಸಿತು ನೀರಣ್ಣನಿಗೆ. ಗೆಳೆಯ ಹಾಳೆ ತಿರುವಿದ. ಅವನ ಗಂಟಲು ಮಾಮೂಲಿಗೆ ಇಳಿಯಿತು.

"ಸರ್ಕಾರದ ಸಂಬಳ ತಗೊಳ್ಳೋ ಹುದ್ದೆಯಲ್ಲಿ ಇರಬಾರದು. ಸರ್ಕಾರದ ಜೊತೆ ಗುತ್ತಿಗೆ ವ್ಯವಹಾರಾನೂ ಇಟ್ಕೊಂಡಿರಬಾರದು."

"ಧಣಿ ಟ್ಯಾಂಕರುಗಳು ಓಡೋದು ಸರ್ಕಾರದ ಗುತ್ತಿಗೇಲೇ ಅಲ್ವಾ?"

"ಅವು ಬಾಮೈದನ ಹೆಸರಲ್ಲಿವೆ."

ಕಾನೂನು ಎಲ್ಲರಿಗೂ ಒಂದೇ ಎನ್ನುವುದು ಸುಳ್ಳಲ್ಲ. ಧಣಿ ತನ್ನ ಟ್ಯಾಂಕರುಗಳನ್ನು ಬಾಮೈದನ ಹೆಸರಿಗೆ ಬರೆದಿಟ್ಟು ನಿಶ್ಚಿಂತೆಯಿಂದ ಇರಬಹುದು. ನೀರಣ್ಣ ತನ್ನ ಬೆಳಗಿನ ಜಾವವನ್ನು, ಹೆಗಲ ಮೇಲಿನ ಕೀಲಿಯನ್ನು ಯಾವ ಬಾಮೈದನ ಹೆಸರಿಗೆ ಬರೆಯಬೇಕು? ನಿಲ್ಲಬೇಕಿದ್ದರೆ ಕೆಲಸ ಬಿಡಬೇಕು. ಬೇರೆ ದಾರಿ ಇರಲಿಲ್ಲ.

ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕಾಗಿತ್ತು. ಪಂಪ್‌ಹೌಸಿನ ಗೋಡೆಗೆ ಅಂಟಿಕೊಂಡಿದ್ದ ಎರಡು ಕೋಣೆಗಳ ಆ ಮನೆಯಲ್ಲಿ ಹಗಲೂ ರಾತ್ರಿ ಮೋಟರಿನ ಗುಂಯ್ ಎಂಬ ಸದ್ದು. ಮದುವೆಯಾಗಿ ಬಂದ ಹೊಸದರಲ್ಲಿ ಹೆಂಡತಿಗೆ ಆ ಸದ್ದಿಗೆ ನಿದ್ದೆ ಬರುತ್ತಿರಲಿಲ್ಲ, ಈಗ ಕರೆಂಟು ಹೋಗಿ ಸದ್ದು ನಿಂತರೆ ಎಚ್ಚರವಾಗುತ್ತಿತ್ತು. ಮಕ್ಕಳಿಲ್ಲದ ಮನೆ. ಅವಳು ಬಾಗಿಲ ಪಕ್ಕದ ನಲ್ಲಿಯ ಕೆಳಗೆ ನಾಲ್ಕು ಹೂವಿನ ಗಿಡ ಹಾಕಿಕೊಂಡಿದ್ದಳು.

"ಈ ಮನೆ ಕೊಟ್ಟಿರೋದು ನಿಮ್ಮ ಕೀಲಿಗೆ, ನಿಮಗಲ್ಲ," ಎಂದಳು. "ಅದನ್ನ ಇಳಿಸಿದ ದಿನ ನಾವೂ ಇಳೀಬೇಕು. ಗೊತ್ತಿದ್ದೂ ಹೋಗ್ತಿದ್ದೀರಾ?"

"ಗೊತ್ತಿದೆ."

"ಗೆಲ್ತೀರಾ?"

"ಮೇಲಿನ ಬೀದಿ ಪೂರ್ತಿ ನನ್ನ ಕಡೆಗಿದೆ. ಕೆಳಗಿನವರು ಬೈದ್ರೂ ನಾನು ಕಳ್ಳ ಅಲ್ಲ ಅಂತ ಅವರಿಗೂ ಗೊತ್ತು. ಸೋತ್ರೂ ಒಂದು ಸಲ ಆ ಪೈಪಿನ ಮಾತು ಜೋರಾಗಿ ಆಡಿದ ಹಾಗಾಯ್ತಲ್ಲ."

ಮಾರನೆಯ ದಿನದಿಂದ ಪಾತ್ರೆಗಳನ್ನು ಒಂದೊಂದಾಗಿ ಹಳೆಯ ಬಟ್ಟೆಯಲ್ಲಿ ಸುತ್ತಿಡತೊಡಗಿದಳು. ಬಾಯಿಬಿಟ್ಟು ಬೈದಿದ್ದರೆ ನೀರಣ್ಣನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ರಾಜೀನಾಮೆ ಕೊಟ್ಟ. ನೀರು ಸರಬರಾಜಿನ ಇಂಜಿನಿಯರ್ ಅದನ್ನು ಮೇಜಿನ ಡ್ರಾಯರಿನಲ್ಲಿ ಹಾಕಿಕೊಂಡು ಇವತ್ತು ನಾಳೆ ಎಂದು ಸತಾಯಿಸಿದರು. ಅವರಿಗೆ ಬೇರೆ ಆಳು ಸಿಕ್ಕಿರಲಿಲ್ಲ. ಅತ್ತ ನಾಮಪತ್ರ ಸಲ್ಲಿಸಿದ್ದಾಗಿತ್ತು. ಗುರುತು ಯಾವುದು ಬೇಕೆಂದು ಕೇಳಿದ್ದಕ್ಕೆ ನೀರಣ್ಣ ನಲ್ಲಿ ಎಂದು ಬರೆಸಿದ್ದ. ಅದು ಸಿಗುವ ಮೊದಲೇ ಮೇಲಿನ ಬೀದಿಯ ಗೋಡೆಗಳ ಮೇಲೆಲ್ಲ ಇದ್ದಿಲಿನ ನಲ್ಲಿಗಳು ಮೂಡಿದ್ದವು. ಕೊನೆಗೆ ನಾಮಪತ್ರಗಳ ಪರಿಶೀಲನೆಯ ಹಿಂದಿನ ದಿನ ಇಂಜಿನಿಯರ್ ಸಹಿ ಮಾಡಿದರು. ಇವತ್ತು ಸಂಜೆಗೆ ಕೆಲಸದಿಂದ ಬಿಡುಗಡೆ, ಹೊಸಬ ನಾಳೆ ಬೆಳಿಗ್ಗೆ ಬಂದು ಕೀಲಿ ಒಯ್ಯುತ್ತಾನೆ ಎಂದರು. ಜೆರಾಕ್ಸ್ ಗೆಳೆಯ ಆ ಪತ್ರದ ಒಂದಷ್ಟು ಪ್ರತಿ ತೆಗೆದು ಬೀಗಿದ. "ಪರಿಶೀಲನೆ ದಿನ ನೌಕರಿಯಲ್ಲಿ ಇಲ್ದಿದ್ರೆ ಸಾಕು, ಇನ್ನು ಯಾರೂ ಏನೂ ಮಾಡೋ ಹಾಗಿಲ್ಲ. ಒಂದೇ ಮಾತು ನೀರಣ್ಣ. ಆ ಕೀಲಿ ಮುಟ್ಟಬೇಡ. ಹೊಸಬನೇ ಬಂದು ಎತ್ಕೊಂಡು ಹೋಗಲಿ."

ಮುಟ್ಟುವುದಿಲ್ಲ ಎಂದು ನೀರಣ್ಣ ಮಾತು ಕೊಟ್ಟ. ಕೊಡುವಾಗ ನಿಜವಾಗಿಯೂ ಮುಟ್ಟಬಾರದೆಂದೇ ಇದ್ದ.

ಮರುದಿನ ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ, ಅಕ್ಕ ಏದುಸಿರು ಬಿಡುತ್ತಾ ಬಾಗಿಲಿಗೆ ಬಂದಳು. ಅವಳ ಪಕ್ಕದ ಮನೆಯ ಮುದುಕ, ಹಾಸಿಗೆ ಹೊಲಿಯುವವನು, ತೀರಿಕೊಂಡಿದ್ದ. ಬಹಳ ದಿನ ಮಲಗಿದಲ್ಲೇ ಇದ್ದ ಜೀವ. ಹಾಸಿಗೆಯೆಲ್ಲ ಕೆಟ್ಟುಹೋಗಿತ್ತು.

"ಮೈ ತೊಳೀಬೇಕು ಕಣೋ. ಮನೇಲಿ ಒಂದು ತೊಟ್ಟೂ ನೀರಿಲ್ಲ. ಟ್ಯಾಂಕರ್‌ನವನು ಪಂಪ್‌ಹೌಸ್ ಗೇಟಲ್ಲೇ ಗಾಡಿ ಹಾಕ್ಕೊಂಡು ಕೂತಿದಾನೆ, ಇಷ್ಟು ಬೇಗ ಬರೋಲ್ಲ ಅಂದ. ಇಲ್ಲಿಂದ ಕೊಡದಲ್ಲಿ ಹೊತ್ತು ಹತ್ತಿಸಿದ್ರೆ ಎಷ್ಟಕ್ಕೆ ಸಾಲುತ್ತೆ? ಮಗಳು ಬರೋ ಹೊತ್ತಿಗೆ ಆ ಮನುಷ್ಯನ್ನ ಆ ಸ್ಥಿತೀಲಿ ಹೇಗೆ ತೋರಿಸೋದು?"

"ಅಕ್ಕ, ನಾನು ಇವತ್ತು ಮುಟ್ಟೋ ಹಾಗಿಲ್ಲ."

"ಮುಟ್ಟಬಾರದು ಅಂದ್ರೆ ಬೇಡ ಬಿಡು," ಎಂದಳು ಅಕ್ಕ. ನಿಷ್ಠುರವಾಗಿ ಅಲ್ಲ, ಸಹಜವಾಗಿಯೇ. ಹೇಳಿ ಹೊರಟೂಬಿಟ್ಟಳು. ಅವಳು ಜಗಳ ಮಾಡಿದ್ದರೆ ನೀರಣ್ಣ ಕಾನೂನು ಹೇಳುತ್ತಿದ್ದನೋ ಏನೋ. ಸೊಟ್ಟ ಕೈಯನ್ನು ಹೊಟ್ಟೆಗೆ ಅವಚಿಕೊಂಡು ಅವಳು ದಿಬ್ಬ ಹತ್ತುವುದನ್ನು ಅವನು ಬಾಗಿಲಲ್ಲಿ ನಿಂತು ನೋಡಿದ. ಮೊಳೆಯಿಂದ ಕೀಲಿ ತೆಗೆದುಕೊಂಡು ಹಿಂದೆಯೇ ಓಡಿದ.

ಮೇಲಿನ ಬೀದಿಗೆ ನೀರು ಹತ್ತಿಸುವ ವಾಲ್ವಿನ ಗುಂಡಿಯ ಮುಚ್ಚಳದ ಕೀಲು ಸವೆದುಹೋಗಿತ್ತು. ಎತ್ತಿ ನಿಲ್ಲಿಸಿದರೆ ನಿಲ್ಲುತ್ತಿರಲಿಲ್ಲ, ಮಗುಚಿ ಕೈಮೇಲೆ ಬೀಳುತ್ತಿತ್ತು. ದಿನಾ ಒಂದು ಕಲ್ಲು ಆನಿಸಿಡುತ್ತಿದ್ದ. ಅವತ್ತು ಕಲ್ಲು ಹುಡುಕಲೂ ತಾಳ್ಮೆಯಿಲ್ಲದೆ ಅಕ್ಕ ತಾನೇ ಕೂತು ಮುಚ್ಚಳ ಹಿಡಿದುಕೊಂಡಳು. ಅವನು ಕೀಲಿ ಇಳಿಸಿ ತಿರುಗಿಸಿದ. ನೆಲದೊಳಗೆ ನೀರು ಗುಳುಗುಳು ಎಂದಿತು. ಅಷ್ಟು ವರ್ಷ ಕೇಳಿದ್ದ ಸದ್ದು ಅವತ್ತು ಯಾಕೋ ಎದೆಗೆ ತಾಗಿತು. ಹಿಂದೆಯೇ ಬಂದಿದ್ದ ಟ್ಯಾಂಕರಿನ ಡ್ರೈವರು ಚರಂಡಿಯ ಆಚೆ ನಿಂತು ಫೋನು ಎತ್ತಿ ಹಿಡಿದಿದ್ದನ್ನು ಇಬ್ಬರೂ ನೋಡಲಿಲ್ಲ.

ಪರಿಶೀಲನೆ ನಡೆದದ್ದು ತಾಲ್ಲೂಕು ಕಚೇರಿಯ ಉದ್ದನೆಯ ಕೋಣೆಯಲ್ಲಿ. ಚುನಾವಣಾಧಿಕಾರಿ ನಡುವಯಸ್ಸಿನ ಹೆಂಗಸು. ನೆಗಡಿಯಾಗಿತ್ತು, ಮಾತಿಗೊಮ್ಮೆ ಕರವಸ್ತ್ರ ತೆಗೆಯುತ್ತಿದ್ದರು. ನೀರಣ್ಣನ ವಯಸ್ಸು, ಪಟ್ಟಿಯಲ್ಲಿನ ಹೆಸರು, ಸೂಚಕರ ಸಹಿಗಳು, ಪ್ರಮಾಣವಚನ ಎಲ್ಲವೂ ಸರಿಯಿದ್ದವು. ಅವರು ಅಂಗೀಕರಿಸಲು ಪೆನ್ನು ಎತ್ತಿದ್ದೂ ಆಗಿತ್ತು. ಆಗ ಧಣಿಯ ವಕೀಲರು ಎದ್ದು, ಇವರು ಇವತ್ತಿಗೂ ನೌಕರಿಯಲ್ಲಿದ್ದಾರೆ ಎಂದು ಫೋಟೋ ಮುಂದಿಟ್ಟರು. ಕೀಲಿ ತಿರುಗಿಸುತ್ತಿರುವ ನೀರಣ್ಣನ ಮುಖ ಸ್ಪಷ್ಟವಾಗಿತ್ತು. ಪಕ್ಕದಲ್ಲಿ ಬೆನ್ನು ತಿರುಗಿಸಿ ಕೂತ ಹೆಂಗಸೊಬ್ಬಳು, ಮುಚ್ಚಳದ ಮೇಲೆ ಅವಳ ಕೈ.

"ಇದು ಇವತ್ತು ಬೆಳಗಿನದ್ದಾ?" ಅಧಿಕಾರಿ ಕೇಳಿದರು.

"ಹೌದು ಮೇಡಂ," ಎಂದ ನೀರಣ್ಣ. ಪಕ್ಕದಲ್ಲಿದ್ದ ಜೆರಾಕ್ಸ್ ಗೆಳೆಯ ಹಣೆ ಹಣೆ ಬಡಿದುಕೊಂಡ.

ಅಧಿಕಾರಿ ಬಿಡುಗಡೆ ಪತ್ರವನ್ನು ಮತ್ತೊಮ್ಮೆ ಓದಿದರು. ಕೆಟ್ಟವರಲ್ಲ. ಬಿಡಿಸಿ ಹೇಳಿದರು. "ಇಲ್ನೋಡಿ. ಈ ಪತ್ರದ ಪ್ರಕಾರ ನಿಮ್ಮ ಕೆಲಸ ನಿನ್ನೆ ಸಂಜೆಗೆ ಮುಗಿದಿದೆ. ಹಾಗಾದ್ರೆ ಇವತ್ತು ವಾಲ್ವ್ ತಿರುಗಿಸಿದ್ದು ಹೊರಗಿನವರು. ಅದಕ್ಕೆ ಪೊಲೀಸರು ಕೇಸ್ ಹಾಕ್ತಾರೋ ಬಿಡ್ತಾರೋ, ಅದು ಬೇರೆ ಮಾತು. ಅದರಿಂದ ನಿಮ್ಮ ನಾಮಪತ್ರಕ್ಕೆ ಇವತ್ತು ತೊಂದರೆಯಿಲ್ಲ. ಇಲ್ಲ, ಕೆಲಸದ ಮೇಲೇ ತಿರುಗಿಸಿದೆ ಅಂತ ನೀವಂದ್ರೆ, ನೀವಿನ್ನೂ ನೌಕರರು ಅಂತ ಅರ್ಥ. ಆಗ ನಾಮಪತ್ರ ನಿಲ್ಲೋಲ್ಲ. ಯಾವುದು ಅಂತ ನೀವೇ ಹೇಳಬೇಕು."

"ಹೊರಗಿನವನು ಅನ್ನು, ಹೊರಗಿನವನು ಅನ್ನು," ಎಂದು ಗೆಳೆಯ ಅವನ ಅಂಗಿ ಜಗ್ಗಿದ. "ಕೇಸ್ ಆದ್ರೆ ಆಗ್ಲಿ, ಅದು ನಡೆಯೋದು ಯಾವ ಕಾಲಕ್ಕೋ."

ನೀರಣ್ಣ ಬಾಯಿ ತೆರೆದ. ಅಷ್ಟರಲ್ಲಿ ವಕೀಲರು ನಡುವೆ ಬಾಯಿ ಹಾಕಿದರು. "ಹೊರಗಿನವರು ಅಂತಾದ್ರೆ ಕೇಸ್ ಇವರೊಬ್ಬರ ಮೇಲೆ ಅಲ್ಲ ಮೇಡಂ, ಮುಚ್ಚಳ ಹಿಡಿದವರ ಮೇಲೂ. ನಾವೇ ದೂರು ಕೊಡ್ತೀವಿ, ಇವತ್ತೇ ಠಾಣೆಗೆ ಕರೆಸ್ತಾರೆ. ಮುಖ ಕಾಣದಿದ್ರೇನಂತೆ, ಈ ಮಣಿಕಟ್ಟು ಊರಿಗೆಲ್ಲ ಗೊತ್ತು. ನನ್ನ ಮೈಮೇಲಿರೋ ಈ ಕೋಟು ಇಸ್ತ್ರಿ ಆಗಿರೋದೂ ಅದೇ ಕೈಯಲ್ಲೇ."

ಕೋಣೆಯಲ್ಲಿದ್ದ ಧಣಿಯ ಕಡೆಯವರು ನಕ್ಕರು. ವಕೀಲರೂ ನಕ್ಕರು. ಕೋಟು ಚೆನ್ನಾಗಿಯೇ ಇಸ್ತ್ರಿಯಾಗಿತ್ತು.

ನೀರಣ್ಣ ಫೋಟೋವನ್ನೇ ನೋಡುತ್ತಿದ್ದ. ಠಾಣೆಯ ಬೆಂಚಿನ ಮೇಲೆ ಅಕ್ಕ ಕೂತಿರುವುದು ಅವನ ಕಣ್ಣಿಗೆ ಕಟ್ಟಿತು. ಅವಳೇ ಇಸ್ತ್ರಿ ಮಾಡಿದ ಖಾಕಿ ತೊಟ್ಟವರು ಅವಳನ್ನು ಏಕವಚನದಲ್ಲಿ ಗದರುವುದು ಕೇಳಿಸಿತು. ಅವನಿಗೆ ಭಯವಾಯಿತು. ಧಣಿಯ ಬಗ್ಗೆ ಆಗದ ಭಯ, ಮನೆ ಹೋಗುತ್ತದೆಂದು ಆಗದ ಭಯ, ಆ ಒಂದು ಚಿತ್ರಕ್ಕೆ ಆಯಿತು.

"ಕೆಲಸದ ಮೇಲೇ ಇದ್ದೆ ಮೇಡಂ," ಎಂದ.

"ಯೋಚನೆ ಮಾಡಿ ಹೇಳಿ."

"ಯೋಚನೆ ಮಾಡಿದೆ. ನೀರು ಬಿಡೋದು ನನ್ನ ಕೆಲಸ. ಅವರು ನಾನು ಹೇಳಿದ್ದಕ್ಕೆ ಮುಚ್ಚಳ ಹಿಡಿದ್ರು."

ಅಧಿಕಾರಿ ಮೂಗೊರೆಸಿಕೊಂಡು ತಿರಸ್ಕೃತ ಎಂದು ಬರೆದರು. ಬರೆದು ಮುಗಿಸಿ, ಮುಂದಿನ ಹೆಸರು ಕರೆದರು.

ಇಷ್ಟಕ್ಕೇ ಮುಗಿದಿದ್ದರೆ ಹೋಗಲಿ ಎನ್ನಬಹುದಿತ್ತು. ಕೆಲಸದ ಮೇಲಿದ್ದೆ ಎಂದ ಆ ಒಂದು ಮಾತಿನಿಂದ ಇಂಜಿನಿಯರಿಗೆ ಮೇಲಿನಿಂದ ಛೀಮಾರಿ ಬಂತು, ಬಿಡುಗಡೆಯಾದವನ ಕೈಯಲ್ಲಿ ಕೀಲಿ ಹೇಗೆ ಉಳಿಯಿತು ಎಂದು. ಅವರ ಸಿಟ್ಟೆಲ್ಲ ನೀರಣ್ಣನ ಮೇಲೆ ತಿರುಗಿತು. ಅದೇ ಮಧ್ಯಾಹ್ನ ಹೊಸಬ ಬಂದು ಕೀಲಿ ಒಯ್ದ. ಅಭ್ಯರ್ಥಿಯಾಗಲು ಸಾಕಾಗದ ಬಿಡುಗಡೆ ಪತ್ರ, ಮನೆ ಖಾಲಿ ಮಾಡಿಸಲು ಧಾರಾಳವಾಗಿ ಸಾಕಾಯಿತು. ಹೆಂಡತಿಗೆ ಹೆಚ್ಚು ಕೆಲಸವಿರಲಿಲ್ಲ, ಪಾತ್ರೆಗಳನ್ನೆಲ್ಲ ಸುತ್ತಿಟ್ಟೇ ಇದ್ದಳು. ಹೂವಿನ ಗಿಡಗಳನ್ನು ಮಾತ್ರ ಅಲ್ಲೇ ಬಿಟ್ಟಳು. ಹೋಗುವ ಕಡೆ ಅವಕ್ಕೆ ಎರೆಯಲು ನೀರೆಲ್ಲಿದೆ?

ಹೋದದ್ದು ಮೇಲಿನ ಬೀದಿಗೆ, ಅಕ್ಕನ ಮನೆಗೆ. ಹೊಸಬನಿಗೆ ಕೆಳಗಿನವರ ಬೈಗುಳಕ್ಕೆ ಕಿವುಡಾಗುವ ಕಲೆ ಗೊತ್ತಿರಲಿಲ್ಲ. ಪಾಪ, ಸಂಸಾರಸ್ಥ, ಯಾರ ಬಾಯಿಗೂ ಬೀಳಲು ಅವನಿಗೆ ಇಷ್ಟವಿರಲಿಲ್ಲ. ಕೆಳಗಿನ ವಾಲ್ವು ಪೂರ್ತಿ ತೆರೆದೇ ಇಡುತ್ತಿದ್ದ. ಮೇಲಿನ ಬೀದಿಯ ನಲ್ಲಿಗಳಲ್ಲಿ ಗಾಳಿ ಮಾತ್ರ ಬರತೊಡಗಿತು.

ಊರು ಸುಮ್ಮನಿರುತ್ತದೆಯೇ? ಕೋಣೆಯಲ್ಲಿ ನಡೆದದ್ದರಲ್ಲಿ ಮಣಿಕಟ್ಟಿನ ಮಾತೊಂದನ್ನು ನುಂಗಿ ಉಳಿದದ್ದನ್ನು ಧಣಿಯ ಕಡೆಯವರು ಹರಡಿದ್ದರು. ನೀರಣ್ಣ ಧಣಿಯ ಹತ್ತಿರ ಕೈ ಬೆಚ್ಚಗೆ ಮಾಡಿಕೊಂಡು ಬೇಕೆಂದೇ ಹಾಗೆ ಹೇಳಿದ ಎಂದರು ಜನ. ಇಲ್ಲದಿದ್ದರೆ ಯಾವನಾದರೂ ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಳ್ಳುತ್ತಾನೆಯೇ? ಗೋಡೆಯ ಇದ್ದಿಲಿನ ನಲ್ಲಿಗಳ ಮೇಲೆ ಯಾರೋ ಸುಣ್ಣ ಬಳಿದರು. ಟ್ಯಾಂಕರಿನ ಸಾಲಿನಲ್ಲಿ ನಿಂತರೆ ಹಿಂದಿನವರು ಮುಂದಿನವರು ಮಾತು ನಿಲ್ಲಿಸುತ್ತಿದ್ದರು. ಅಣ್ಣ ಎನ್ನುವವರು ಕಡಿಮೆಯಾದರು. ನೀರಣ್ಣ ಬಾಯಿಗೆ ಬೀಗ ಹಾಕಿಕೊಂಡ. ನಿಜ ಹೇಳಿದರೆ ಅಕ್ಕನ ಕಿವಿಗೂ ಬೀಳುತ್ತದೆ, ತಾನು ಬಂದು ನೀರು ಕೇಳಿದ್ದಕ್ಕೆ ಹೀಗಾಯಿತು ಎಂದು ಅವಳು ಕೊರಗುತ್ತಾಳೆ. ಅದು ಬೇಡವಾಗಿತ್ತು ಅವನಿಗೆ. ಕೋಣೆಯಲ್ಲಿ ಆದದ್ದನ್ನು ಬಾಯಿಬಿಡಬಾರದೆಂದು ಜೆರಾಕ್ಸ್ ಗೆಳೆಯನಿಂದ ಭಾಷೆ ತೆಗೆದುಕೊಂಡಿದ್ದ. ಗೆಳೆಯ ಬೇರೆ ಯಾರಿಗೂ ಹೇಳಲಿಲ್ಲ, ನೀರಣ್ಣನ ಹೆಂಡತಿಗೆ ಮಾತ್ರ ಹೇಳಿಬಿಟ್ಟಿದ್ದ.

ಮತದಾನದ ದಿನ ಅಕ್ಕ ಬೇಗನೇ ಹೋಗಿ ಬಂದಳು. ಇಸ್ತ್ರಿಯ ಮೇಜಿಗೆ ಒರಗಿ ಕೂತು, ಶಾಯಿ ಹಚ್ಚಿದ ಬೆರಳನ್ನೇ ನೋಡುತ್ತಿದ್ದಳು. ಅವಳಿಗೆ ಓದು ಬರದು.

"ನಲ್ಲಿ ಇರೋಲ್ಲ ಅಂತ ಗೊತ್ತಿತ್ತು ಕಣೋ," ಎಂದಳು. "ಆದ್ರೂ ಮೇಲಿಂದ ಕೆಳಗಿನ ತನಕ ಹುಡುಕಿದೆ. ಬೇಗ ಬೇಗ ಅಂತ ಗದರಿದ್ರು. ಯಾವುದೋ ಒಂದರ ಮೇಲೆ ಒತ್ತಿ ಬಂದೆ."

ನೀರಣ್ಣ ತಲೆ ತಗ್ಗಿಸಿದ.

"ಅಲ್ಲ, ಒಂದು ಸುಳ್ಳು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ? ಹೊರಗಿನವನು ಅಂತ ಅಂದುಬಿಟ್ಟಿದ್ರೆ ಆಗ್ತಿತ್ತಂತೆ. ಬೀದಿಯವರೆಲ್ಲ ನನ್ನನ್ನ ಕೇಳ್ತಾರೆ. ನಾನೇನಂತ ಹೇಳಲಿ?"

ಬಾಗಿಲಲ್ಲಿ ಪಾತ್ರೆ ಉಜ್ಜುತ್ತಿದ್ದ ಹೆಂಡತಿಯ ಕೈ ನಿಂತಿತು. ಒಂದು ಹಿಡಿ ಒಣ ಬೂದಿಯಲ್ಲೇ ಉಜ್ಜುತ್ತಿದ್ದಳು, ತೊಳೆಯಲು ನೀರು ಬರಬೇಕಿತ್ತು.

"ಅತ್ತಿಗೆ, ಅವರು ಹಾಗಂದಿದ್ದು ನಿಮ್ಮ ಸಲುವಾಗಿ," ಎಂದಳು. ನೀರಣ್ಣ ಬೇಡವೆಂದು ಕೈ ಎತ್ತಿದ, ಅವಳು ನೋಡಲಿಲ್ಲ. "ಹೊರಗಿನವನು ಅಂದಿದ್ರೆ ಮುಚ್ಚಳ ಹಿಡಿದ ನಿಮ್ಮನ್ನೂ ಅವತ್ತೇ ಸ್ಟೇಷನ್‌ಗೆ ಕರೆಸ್ತಿದ್ರು. ವಕೀಲ ನಿಮ್ಮ ಕೈ ತೋರಿಸಿ ಹೇಳಿದನಂತೆ. ಅದಕ್ಕೇ ಎಲ್ಲ ಕಳ್ಕೊಂಡು ಬಂದ್ರು. ಈಗ ಬೀದಿಯವರಿಗೆ ಅದನ್ನೇ ಹೇಳಿ."

ಅಕ್ಕ ತಮ್ಮನ ಮುಖ ನೋಡಿದಳು. ಅದು ಸುಳ್ಳಲ್ಲ ಎಂದು ತಿಳಿಯಲು ಅವಳಿಗೆ ಅಷ್ಟೇ ಸಾಕಾಯಿತು. ಸೊಟ್ಟ ಕೈಯನ್ನು ಮೇಜಿನ ಮೇಲಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಕಣ್ಣಲ್ಲಿ ನೀರು ಬಂತು, ಅದರ ಜೊತೆಗೇ ಸಿಟ್ಟೂ ಬಂತು.

"ನನ್ನನ್ನ ಒಂದು ಮಾತು ಕೇಳಬಾರದಿತ್ತೇನೋ?" ಎಂದಳು. "ಹೋಗಿ ಕೂತಿದ್ದು ಬರ್ತಿದ್ದೆ. ಎಷ್ಟು ದಿನ ಅಂತ ಇಟ್ಕೋತಿದ್ರು ನನ್ನ? ಅಲ್ಲಿ ನಲ್ಲೀಲಿ ನೀರಾದ್ರೂ ಬರುತ್ತೆ."

ಅವಳನ್ನು ಕೇಳಬಹುದಿತ್ತು ಎಂಬುದೇ ಆ ಕೋಣೆಯಲ್ಲಿ ನೀರಣ್ಣನಿಗೆ ಹೊಳೆದಿರಲಿಲ್ಲ. ದಿಬ್ಬದ ತಿರುವಿನಲ್ಲಿ ಟ್ಯಾಂಕರಿನ ಹಾರ್ನ್ ಕೇಳಿಸಿತು. ಬೀದಿಯ ಬಾಗಿಲುಗಳೆಲ್ಲ ಒಟ್ಟಿಗೇ ತೆರೆದವು. ಅಕ್ಕ ಎದ್ದು ಕೊಡ ಎತ್ತಿಕೊಂಡಳು, ಇನ್ನೊಂದನ್ನು ಅವನ ಕೈಗೆ ಕೊಟ್ಟಳು. ಇಬ್ಬರೂ ಹೋಗಿ ಸಾಲಿನಲ್ಲಿ ನಿಂತರು.